ಫ್ಲಾರಿಡಾದ ಖಾಲಿ ಮನೆ ಮೇಲೆ ಸಿಟಿ ದಂಡ ಏರಿ ಲೀನ್ ಬಿದ್ದಿದೆ. ಕಡಿಮೆ ಮಾಡಿಸಬಹುದಾ?

ಮೊದಲು ನಿಮ್ಮ ಪರಿಸ್ಥಿತಿ, ನಾನು ಅರ್ಥ ಮಾಡಿಕೊಂಡ ಹಾಗೆ. ನೀವಿರುವುದು ನ್ಯೂಜೆರ್ಸಿಯಲ್ಲಿ, ಮನೆ ಇರುವುದು ಫ್ಲಾರಿಡಾದಲ್ಲಿ. ಬಾಡಿಗೆಯವರು ಖಾಲಿ ಮಾಡಿದ ಮೇಲೆ ವರ್ಷಕ್ಕೂ ಜಾಸ್ತಿ ಆ ಕಡೆ ಯಾರೂ ತಲೆ ಹಾಕಿಲ್ಲ. ಹುಲ್ಲು ಬೆಳೆದಿದೆ, ಹಿತ್ತಲಿನ ಪೂಲ್ ಪಾಚಿಗಟ್ಟಿದೆ, ಬೇಲಿ ಬಿದ್ದಿದೆ ಅಂತ ಸಿಟಿಯವರು ದಿನಕ್ಕೆ 250 ಡಾಲರ್ ದಂಡ ಹಾಕಿ ಮನೆ ಮೇಲೆ ಲೀನ್ (ಬಾಕಿ ತೀರುವ ತನಕ ಆಸ್ತಿ ಮೇಲೆ ಕೂರುವ ಋಣಭಾರ) ದಾಖಲಿಸಿದ್ದಾರೆ. ಮಾರಲು ಹೊರಟಾಗ ವಿಷಯ ಗೊತ್ತಾಗಿದೆ. ಅಷ್ಟರಲ್ಲಿ ಮೊತ್ತ 90 ಸಾವಿರ ಡಾಲರ್ ದಾಟಿದೆ. ಇಷ್ಟನ್ನೂ ಕಟ್ಟಲೇಬೇಕಾ, ಲಾಯರ್ ಹಿಡಿಯಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಬಹುತೇಕ ಇಷ್ಟೂ ಕಟ್ಟಬೇಕಾಗಿ ಬರುವುದಿಲ್ಲ. ಆದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ವಕೀಲೆ ಅಲ್ಲ. ಫ್ಲಾರಿಡಾದಲ್ಲಿ ಮನೆಯ ಮಾಲೀಕತ್ವದ ದಾಖಲೆ ನೋಡಿ, ಮಾರಾಟದ ಕ್ಲೋಸಿಂಗ್ (ದುಡ್ಡು, ಕಾಗದ ಕೈಬದಲಿಸಿ ಮಾರಾಟ ಮುಗಿಸುವುದು) ಮಾಡಿಸುವ ಟೈಟಲ್ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಇಂಥ ಲೀನ್ ಬಿಡಿಸುವ ಫೈಲು ನನ್ನ ಮೇಜಿನ ಮೇಲೆ ಯಾವಾಗಲೂ ಒಂದೆರಡು ಇದ್ದೇ ಇರುತ್ತವೆ.

ಇಲ್ಲಿನ ಕಾನೂನು ಫ್ಲಾರಿಡಾ ಶಾಸನದ 162ನೇ ಅಧ್ಯಾಯ. ಕೋಡ್ ಅಂದರೆ ಊರಿನ ನಿಯಮಗಳು; ಅವನ್ನು ಮುರಿದವರ ವಿಚಾರಣೆ ಮಾಡುವ ಕೋಡ್ ಬೋರ್ಡ್ ಅಥವಾ ಸ್ಪೆಷಲ್ ಮ್ಯಾಜಿಸ್ಟ್ರೇಟ್ ಮೊದಲ ಸಲದ ತಪ್ಪಿಗೆ ದಿನಕ್ಕೆ 250 ಡಾಲರ್‌ವರೆಗೆ ದಂಡ ಹಾಕಬಹುದು. ಅದೇ ವ್ಯಕ್ತಿ ಅದೇ ನಿಯಮವನ್ನು 5 ವರ್ಷದೊಳಗೆ ಮತ್ತೆ ಮುರಿದರೆ 500. 50 ಸಾವಿರ ಮತ್ತು ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ಊರುಗಳು ತಮ್ಮದೇ ನಿಯಮ ಮಾಡಿಕೊಂಡು ಇದನ್ನು 1,000 ಮತ್ತು 5,000ದವರೆಗೂ ಏರಿಸಿಕೊಳ್ಳಬಹುದು. ದಿನಕ್ಕೆ 250 ಅಂದರೆ ವರ್ಷಕ್ಕೆ 91,250. ನಿಮ್ಮ 90 ಸಾವಿರ ಬಂದಿದ್ದು ಹೀಗೆ. ಯಾರೋ ಕೂತು ನಿಮ್ಮ ಮೇಲೆ ಸಿಟ್ಟಿನಿಂದ ಬರೆದ ಅಂಕಿ ಅಲ್ಲ ಅದು, ಸುಮ್ನೆ ಗುಣಾಕಾರ.

ದಂಡದ ಆದೇಶದ ಪ್ರತಿಯನ್ನು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ದಾಖಲೆಯಲ್ಲಿ ಸೇರಿಸಿದ ಕೂಡಲೇ ಅದು ಲೀನ್ ಆಗುತ್ತೆ. ನಮ್ಮೂರಲ್ಲಿ ಇಸಿ ತೆಗೆಸಿದಾಗ ಕಾಣುವ ಋಣಭಾರದ ಹಾಗೆ, ಕೊಳ್ಳುವವರಿಗೆ ಎದ್ದು ಕಾಣಿಸುತ್ತೆ. ತಪ್ಪು ನಡೆದ ಮನೆ ಮೇಲೆ ಮಾತ್ರ ಅಲ್ಲ, ಆ ಕೌಂಟಿಯಲ್ಲಿ ನಿಮ್ಮ ಹೆಸರಲ್ಲಿ ಬೇರೆ ಆಸ್ತಿ ಇದ್ದರೆ ಅದರ ಮೇಲೂ ಕೂರುತ್ತೆ. 20 ವರ್ಷ ಜೀವ ಇರುತ್ತೆ. ದಾಖಲಾಗಿ 3 ತಿಂಗಳಾದ ಮೇಲೂ ಬಾಕಿ ಉಳಿದರೆ ಸಿಟಿ ಫೋರ್‌ಕ್ಲೋಷರ್ ಕೇಸ್ (ಬಾಕಿಗಾಗಿ ಮನೆಯನ್ನೇ ಮಾರಿಸುವ ಕೇಸ್) ಹಾಕಬಹುದು. ಸ್ವಂತ ವಾಸದ ಹೋಮ್‌ಸ್ಟೆಡ್ ಮನೆಗೆ ಇದರಿಂದ ರಕ್ಷಣೆ ಇದೆ. ಬಾಡಿಗೆಗೆ ಇಟ್ಟ ಮನೆಗೆ ಇಲ್ಲ. ಹಾಗಾಗಿ "ಇರಲಿ ಬಿಡು, ಯಾವಾಗಲಾದರೂ ನೋಡೋಣ" ಅನ್ನುವ ಯೋಚನೆ ನಿಮ್ಮ ವಿಷಯದಲ್ಲಿ ನಡೆಯಲ್ಲ.

ಈಗ ಮುಖ್ಯ ವಿಷಯ. ಸಿಟಿಗೆ ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು "ಎಷ್ಟು ಕಡಿಮೆ ಮಾಡ್ತೀರಿ?" ಅಂತ. ಮೀಟರ್ ಓಡುತ್ತಿರುವ ಆಟೋದಲ್ಲಿ ಕೂತು ಬಾಡಿಗೆ ಚೌಕಾಸಿ ಮಾಡಿದ ಹಾಗೆ ಅದು. ಮೊದಲು ಮೀಟರ್ ನಿಲ್ಲಬೇಕು. ಮನೆ ಸರಿಯಾಗುವ ತನಕ ದಂಡ ದಿನದಿನ ಸೇರುತ್ತಲೇ ಇರುತ್ತೆ. ಮನೆ ಸರಿಯಾಗದೆ ಕಡಿತದ ಅರ್ಜಿಯನ್ನು ಬಹುತೇಕ ಊರುಗಳು ಮುಟ್ಟುವುದೂ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಜನ ದುಡ್ಡು ಕಳೆದುಕೊಳ್ಳುವುದೇ ಇಲ್ಲಿ. ನೀವು ಮನೆ ಸರಿಮಾಡಿಸಿದ ದಿನಕ್ಕೆ ಮೀಟರ್ ತಾನಾಗಿ ನಿಲ್ಲಲ್ಲ. ಕೋಡ್ ಆಫೀಸರ್ ಬಂದು ನೋಡಿ, ಎಲ್ಲ ಸರಿಯಾಗಿದೆ ಅಂತ ಅಫಿಡವಿಟ್ ಆಫ್ ಕಂಪ್ಲಯನ್ಸ್ ಬರೆದು ಫೈಲಿಗೆ ಹಾಕಿದಾಗ ಸಿಟಿಯ ಲೆಕ್ಕದಲ್ಲಿ ನಿಲ್ಲುತ್ತೆ. ಒಂದು ಫೈಲಿನಲ್ಲಿ ನೋಡಿದ್ದು: ಮಾಲೀಕರು ಮಾರ್ಚ್‌ನಲ್ಲೇ ಬೇಲಿ ಹಾಕಿಸಿ, ಹಿತ್ತಲು ಚೊಕ್ಕ ಮಾಡಿಸಿದ್ದರು. ಮರುತಪಾಸಣೆಗೆ ಯಾರೂ ಕರೆದಿರಲಿಲ್ಲ. ನಾವು ಸೆಪ್ಟೆಂಬರ್‌ನಲ್ಲಿ ಪೇಆಫ್ ಲೆಟರ್ (ಲೀನ್ ತೀರಿಸಲು ಒಟ್ಟು ಎಷ್ಟು ಕಟ್ಟಬೇಕು ಅನ್ನುವ ಸಿಟಿಯ ಪತ್ರ) ತರಿಸಿದರೆ, ಅಲ್ಲಿವರೆಗೂ ದಿನಕ್ಕೆ 250ರಂತೆ ಲೆಕ್ಕ ಬಂದಿತ್ತು. ಬೇಲಿಯವನ ಬಿಲ್ಲು, ಬೇಲಿ ಪರ್ಮಿಟ್ ಮುಗಿದ ತಾರೀಖು, ಹುಲ್ಲು ಕತ್ತರಿಸುವವನ ತಿಂಗಳ ರಸೀದಿಗಳು, ತಾರೀಖು ಇರುವ ಫೋಟೋಗಳು ಎಲ್ಲ ಜೋಡಿಸಿ ಕೊಟ್ಟ ಮೇಲೆ ಆಫೀಸರ್ ಕಂಪ್ಲಯನ್ಸ್ ತಾರೀಖನ್ನು ಮಾರ್ಚ್‌ಗೆ ತಿದ್ದಿದರು. ಕಡಿತದ ಅರ್ಜಿ ಹಾಕುವ ಮೊದಲೇ ಅರ್ಧ ವರ್ಷದ ದಂಡ ಹೋಯಿತು. ಅದಕ್ಕೇ ಹೇಳುವುದು, ರಸೀದಿ ಬಿಸಾಡಬೇಡಿ. ಕೆಲಸ ಮುಗಿದ ದಿನವೇ ಇಮೇಲ್‌ನಲ್ಲಿ ತಪಾಸಣೆ ಕೇಳಿ. ಫೋನ್‌ನಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರಲ್ಲ.

ನಿಮ್ಮ ಮೂರು ತಪ್ಪುಗಳಲ್ಲಿ ಹುಲ್ಲು ಸುಲಭ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಫ್ಲಾರಿಡಾದ ಹುಲ್ಲು ಎರಡು ವಾರಕ್ಕೆ ಮತ್ತೆ ಎದ್ದು ನಿಲ್ಲುತ್ತೆ. ಕ್ಲೋಸಿಂಗ್ ಆಗುವವರೆಗೂ ಹುಲ್ಲು ಕತ್ತರಿಸಲು ಒಬ್ಬರನ್ನು ಗೊತ್ತುಮಾಡಿ. ಮತ್ತೆ ಸಿಕ್ಕಿಬಿದ್ದರೆ ಅದು ರಿಪೀಟ್ ಆಗುತ್ತೆ, ದುಪ್ಪಟ್ಟು ದರ, ಸರಿಮಾಡಿಕೊಳ್ಳಲು ಸಮಯ ಕೊಡಬೇಕು ಅಂತಲೂ ಇಲ್ಲ. (ಊರಲ್ಲಿ ಪಕ್ಕದ ಸೈಟಿನಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆದರೂ ಸುಮ್ಮನಿದ್ದು ಅಭ್ಯಾಸ ನಮಗೆ. ಇಲ್ಲಿ ಪಕ್ಕದ ಮನೆಯವರೇ ದೂರು ಕೊಡುತ್ತಾರೆ.) ಪೂಲ್ ವಿಷಯದಲ್ಲಿ ಅವಸರ ಬೇಡ. ಹಸಿರಾಗಿದೆ ಅಂತ ಪೂರ್ತಿ ನೀರು ತೆಗೆಸಲು ಹೋಗಬೇಡಿ. ಇಲ್ಲಿ ಅಂತರ್ಜಲ ಮೇಲೆಯೇ ಇರುತ್ತೆ. ಖಾಲಿ ಪೂಲ್ ಕೆಳಗಿನ ನೀರಿನ ಒತ್ತಡಕ್ಕೆ ಬುಡಸಮೇತ ಮೇಲೆದ್ದು ಬಿರುಕು ಬಿಡುವುದುಂಟು. ಆಮೇಲೆ ದಂಡಕ್ಕಿಂತ ರಿಪೇರಿಯದೇ ದೊಡ್ಡ ಚಿಂತೆ. ಪೂಲ್ ಕೆಲಸದವರನ್ನೇ ಕರೆಸಿ ರಾಸಾಯನಿಕ ಹಾಕಿಸಿ ತಿಳಿಮಾಡಿಸಿ. ಬೇಲಿಗೆ ಪರ್ಮಿಟ್ ಬೇಕಾ ಅಂತ ಸಿಟಿಯಲ್ಲಿ ಮೊದಲೇ ಕೇಳಿ. ಬೇಕಾದ ಕಡೆ ಪರ್ಮಿಟ್ ಇಲ್ಲದೆ ಹಾಕಿಸಿದರೆ ಒಂದು ತಪ್ಪು ಮುಚ್ಚಲು ಹೋಗಿ ಇನ್ನೊಂದು ತೆರೆದ ಹಾಗಾಗುತ್ತೆ.

ಕಂಪ್ಲಯನ್ಸ್ ಕಾಗದ ಕೈಗೆ ಬಂದ ಮೇಲೆ ಕಡಿತದ ಅರ್ಜಿ. ಲೀನ್ ರಿಡಕ್ಷನ್ ಅಥವಾ ಲೀನ್ ಮಿಟಿಗೇಷನ್ ಅಂತ ಸಿಟಿಯ ವೆಬ್‌ಸೈಟಿನಲ್ಲಿ ಫಾರಂ ಇರುತ್ತೆ. ಅರ್ಜಿ ಶುಲ್ಕ ಇದ್ದರೆ ಸಾಮಾನ್ಯವಾಗಿ ವಾಪಸ್ ಬರಲ್ಲ. ಆಸ್ತಿ ತೆರಿಗೆ ಬಾಕಿ ಇರಬಾರದು, ಅದೇ ಊರಲ್ಲಿ ನಿಮ್ಮ ಹೆಸರಲ್ಲಿ ಇನ್ನೊಂದು ಮನೆ ಇದ್ದರೆ ಅದರ ಮೇಲೂ ತಕರಾರು ಇರಬಾರದು ಅನ್ನುವ ಷರತ್ತು ಬಹಳ ಕಡೆ ಇದೆ. ತೀರ್ಮಾನ ಯಾರದ್ದು ಅನ್ನುವುದು ಊರಿಂದ ಊರಿಗೆ ಬೇರೆ. ದಂಡವನ್ನು ಕಡಿಮೆ ಮಾಡುವ ಅಧಿಕಾರ ಬೋರ್ಡ್‌ಗೆ ಇದೆ. ಲೀನ್ ಅನ್ನು ಬಿಟ್ಟುಕೊಡುವ ಅಧಿಕಾರ ಸಿಟಿ ಕಮಿಷನ್‌ನದ್ದು (ಊರಿನ ಚುನಾಯಿತ ಮಂಡಳಿ), ಅದನ್ನು ಸಿಟಿ ಮ್ಯಾನೇಜರ್‌ಗೋ ಮ್ಯಾಜಿಸ್ಟ್ರೇಟ್‌ಗೋ ವಹಿಸಿರಬಹುದು. ಕೆಲವು ಊರುಗಳಲ್ಲಿ ನಿಗದಿ ಸೂತ್ರ ಇದೆ: ಇಷ್ಟು ಶೇಕಡಾ ಕಟ್ಟಿ, ಜೊತೆಗೆ ಸಿಟಿಯ ಖರ್ಚು ಕಟ್ಟಿ, ಮುಗೀತು. ಕೆಲವು ಕಡೆ ಆಗಾಗ ಲೀನ್ ಆಮ್ನೆಸ್ಟಿ ಅಂತ ರಿಯಾಯಿತಿ ಅವಧಿ ಬರುತ್ತೆ. ಅದನ್ನು ಕೇಳಿ ತಿಳಿದುಕೊಳ್ಳಿ, ಅವರಾಗಿಯೇ ಹೇಳುವುದು ಕಡಿಮೆ.

ಪೇಆಫ್ ಲೆಟರ್ ಬಂದಾಗ ಅದರಲ್ಲಿ ಎರಡು ಥರದ ದುಡ್ಡು ಬೇರೆ ಮಾಡಿ ನೋಡಿ. ದಿನದ ಲೆಕ್ಕದಲ್ಲಿ ಏರಿದ ದಂಡ ಒಂದು. ಸಿಟಿ ತನ್ನ ಕೈಯಿಂದ ಹಾಕಿದ ದುಡ್ಡು ಇನ್ನೊಂದು: ನಿಮ್ಮ ಹುಲ್ಲು ಕತ್ತರಿಸಿದ ಕಾಂಟ್ರಾಕ್ಟರ್‌ಗೆ ಕೊಟ್ಟಿದ್ದು, ಕಿಟಕಿಗೆ ಪ್ಲೈವುಡ್ ಹೊಡೆಸಿದ್ದು, ದಾಖಲಾತಿ ಶುಲ್ಕ. ಎರಡನೆಯದರಲ್ಲಿ ರಿಯಾಯಿತಿ ಸಿಗುವುದು ಅಪರೂಪ, ಕೇಳಿ ಸಮಯ ಹಾಳು ಮಾಡಬೇಡಿ. "ಸಿಟಿಯ ನಿಜ ಖರ್ಚು ಪೂರ್ತಿ ಕಟ್ಟುತ್ತೇನೆ, ದಿನದ ದಂಡದಲ್ಲಿ ಮಾತ್ರ ಕಡಿತ ಕೊಡಿ" ಅಂತ ನೀವೇ ಮುಂದಾಗಿ ಬರೆದರೆ ಎದುರಿಗೆ ಕೂತವರ ಮುಖ ಸ್ವಲ್ಪ ಸಡಿಲವಾಗುತ್ತೆ.

ಪತ್ರದಲ್ಲಿ ಏನು ಬರೆಯಬೇಕು? ದಂಡ ನಿಗದಿ ಮಾಡುವಾಗ ಮೂರು ವಿಷಯ ನೋಡಬೇಕು ಅಂತ ಕಾನೂನೇ ಹೇಳುತ್ತೆ: ತಪ್ಪು ಎಷ್ಟು ಗಂಭೀರ, ಸರಿಮಾಡಲು ಮಾಲೀಕರು ಏನು ಮಾಡಿದರು, ಹಿಂದೆ ತಪ್ಪು ಮಾಡಿದ್ದರಾ. ಕಡಿತ ಕೇಳುವಾಗಲೂ ಇದೇ ಮೂರರ ಸುತ್ತ ಬರೆಯಿರಿ. ರಿಪೇರಿಗೆ ಖರ್ಚಾದ ಮೊತ್ತ ಬರೆದು ಬಿಲ್ಲು ಲಗತ್ತಿಸಿ. ನಾನು ಎಷ್ಟು ಕಟ್ಟಬಲ್ಲೆ ಅಂತ ಒಂದು ಅಂಕಿ ಹೇಳಿ, ಯಾಕೆ ಅಂತಲೂ ಹೇಳಿ. "ದಯವಿಟ್ಟು ಆದಷ್ಟು ಕಡಿಮೆ ಮಾಡಿ" ಅಂದರೆ ಅವರಿಗೆ ಹಿಡಿದುಕೊಳ್ಳಲು ಏನೂ ಸಿಗಲ್ಲ.

ಹಿಯರಿಂಗ್ ಅಂದರೆ ಹೆದರಬೇಡಿ. ಸಿಟಿ ಹಾಲ್‌ನ ಒಂದು ಕೋಣೆ, ಮುಂದೆ ಮ್ಯಾಜಿಸ್ಟ್ರೇಟ್, ಗೋಡೆ ಮೇಲೆ ಪರದೆ. ಕೋಡ್ ಆಫೀಸರ್ ಫೋಟೋ ಒಂದೊಂದೇ ತೋರಿಸುತ್ತಾರೆ: ಹಸಿರು ನೀರು, ಆ ದಿನದ ತಾರೀಖು, ಬಾಗಿಲಿಗೆ ಅಂಟಿಸಿದ ನೋಟಿಸ್. ಒಂದು ಫೈಲಿನ ಹಿಯರಿಂಗ್‌ಗೆ ನಾನೂ ಹೋಗಿ ಹಿಂದೆ ಕೂತಿದ್ದೆ. ಒಬ್ಬರು ಬಂದು ಬೀದಿಯ ಬೇರೆ ಮನೆಗಳ ಫೋಟೋ ತೋರಿಸಿ "ಅವರಿಗೆ ಯಾಕೆ ದಂಡ ಇಲ್ಲ" ಅಂತ ವಾದಿಸಿದರು. ಮ್ಯಾಜಿಸ್ಟ್ರೇಟ್ ತಾಳ್ಮೆಯಿಂದ ಕೇಳಿ, ಆ ಮನೆಗಳ ವಿಷಯ ಇವತ್ತು ನನ್ನ ಮುಂದಿಲ್ಲ ಅಂದರು, ಅಷ್ಟೇ. ಅವರಾದ ಮೇಲೆ ಬಂದ ವಯಸ್ಸಾದ ದಂಪತಿ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆರೆದು ಹಳೆಯ ಫೋಟೋ ಪಕ್ಕ ಹೊಸ ಫೋಟೋ, ಅದರ ಕೆಳಗೆ ಬಿಲ್ಲು, ಹೀಗೆ ಹಾಳೆ ಹಾಳೆ ಇಟ್ಟರು. ಜಾಸ್ತಿ ಮಾತೇ ಆಡಲಿಲ್ಲ. ಕೋಡ್ ಆಫೀಸರ್ ತಾವೇ "ಇವರು ಫೋನ್ ಎತ್ತುತ್ತಾರೆ, ಕೆಲಸ ಮಾಡಿಸಿದ್ದಾರೆ, ಕಡಿತಕ್ಕೆ ನಮ್ಮ ಅಭ್ಯಂತರ ಇಲ್ಲ" ಅಂದರು. ಆ ಒಂದು ಮಾತಿನ ತೂಕ ದೊಡ್ಡದು. ಆಫೀಸರ್ ಜೊತೆ ಜಗಳ ಆಡಬೇಡಿ.

"ನೋಟಿಸೇ ಬಂದಿಲ್ಲ" ಅಂತ ನೀವು ಬರೆದಿದ್ದೀರಿ. ನಿಜ ಇರಬಹುದು, ಆದರೆ ಇದರ ಮೇಲೆ ಜಾಸ್ತಿ ಭರವಸೆ ಇಡಬೇಡಿ. ತೆರಿಗೆ ಬಿಲ್ಲು ಹೋಗುವ ವಿಳಾಸಕ್ಕೆ, ಅಂದರೆ ಟ್ಯಾಕ್ಸ್ ಕಲೆಕ್ಟರ್ ಅಥವಾ ಪ್ರಾಪರ್ಟಿ ಅಪ್ರೈಸರ್ (ಆಸ್ತಿಗೆ ಬೆಲೆ ಕಟ್ಟುವ ಕಚೇರಿ) ದಾಖಲೆಯಲ್ಲಿರುವ ವಿಳಾಸಕ್ಕೆ, ಸರ್ಟಿಫೈಡ್ ಮೇಲ್ ಕಳಿಸಿ, ಅದು ವಾಪಸ್ ಬಂದರೆ ಮನೆ ಮೇಲೂ ಸಿಟಿ ಕಚೇರಿಯಲ್ಲೂ 10 ದಿನ ಅಂಟಿಸಿದರೆ ಕಾನೂನಿನ ಪ್ರಕಾರ ನೋಟಿಸ್ ಆದಂತೆಯೇ. ನೀವು ಮನೆ ಬದಲಿಸಿ ವಿಳಾಸ ತಿದ್ದಿಸದೇ ಇದ್ದರೆ ಅದು ಸಿಟಿಯ ತಪ್ಪು ಆಗಲ್ಲ. ಆದರೂ ಪೂರ್ತಿ ಫೈಲಿನ ಪ್ರತಿ ಕೇಳಿ. ಫ್ಲಾರಿಡಾದಲ್ಲಿ ಇದು ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಬಹುದು. ಅದರಲ್ಲಿ ಮೇಲ್ ರಸೀದಿ ಇಲ್ಲ, ಅಂಟಿಸಿದ ಅಫಿಡವಿಟ್ ಇಲ್ಲ, ವಿಳಾಸ ತಪ್ಪಿದೆ ಅಂತ ಕಂಡರೆ ಆಗ ಲಾಯರ್ ಹತ್ತಿರ ಹೋಗುವುದಕ್ಕೆ ಅರ್ಥ ಇದೆ. ಹಾಗೇ ಫೋರ್‌ಕ್ಲೋಷರ್ ಕೇಸಿನ ಸಮನ್ಸ್ ಬಂದರೆ, ಅಥವಾ ಆದೇಶಕ್ಕೆ ಸಹಿ ಬಿದ್ದು ಇನ್ನೂ 30 ದಿನ ಆಗಿಲ್ಲದಿದ್ದರೆ ಲಾಯರ್ ಬೇಕು. ಸರ್ಕ್ಯೂಟ್ ಕೋರ್ಟಿಗೆ ಅಪೀಲು ಹೋಗಲು ಇರುವ ಗಡುವು ಅಷ್ಟೇ. ಇವು ಯಾವುದೂ ಇಲ್ಲದಿದ್ದರೆ ಅರ್ಜಿಯನ್ನು ನೀವೇ ಹಾಕಬಹುದು. ಉಳಿಸಿದ ದುಡ್ಡಿನಲ್ಲಿ ಪಾಲು ಕೊಡಿ, ನಾವು ಕಡಿಮೆ ಮಾಡಿಸಿಕೊಡುತ್ತೇವೆ ಅನ್ನುವವರು ಫೋನ್ ಮಾಡುತ್ತಾರೆ. ಅವರು ತುಂಬಿಸುವುದೂ ಅದೇ ಫಾರಂ. ನನ್ನ ಕೇಳಿದರೆ ಬೇಡ.

ಹುಲ್ಲಿಗೆ ಇಷ್ಟು ದಂಡ ಅನ್ಯಾಯ ಅಲ್ವಾ, ಕೋರ್ಟಿಗೆ ಹೋಗಲಾ ಅಂತಲೂ ಕೇಳಿದ್ದೀರಿ. ಅನ್ಯಾಯವೇ, ನನಗೂ ಹಾಗೇ ಅನ್ನಿಸುತ್ತೆ. ಅತಿಯಾದ ದಂಡ ಹಾಕಬಾರದು ಅನ್ನುವ ಸಂವಿಧಾನದ ಮಾತು ರಾಜ್ಯಗಳಿಗೂ ಸ್ಥಳೀಯ ಆಡಳಿತಕ್ಕೂ ಅನ್ವಯಿಸುತ್ತೆ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2019ರಲ್ಲಿ ಟಿಂಬ್ಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಫ್ಲಾರಿಡಾದ ಡನೀಡಿನ್‌ನಲ್ಲಿ 2018ರಲ್ಲಿ ಎತ್ತರದ ಹುಲ್ಲಿಗೆ ದಿನಕ್ಕೆ 500ರಂತೆ ಸುಮಾರು 30 ಸಾವಿರ ಡಾಲರ್ ದಂಡ ಬಿದ್ದವರು ಇದೇ ವಾದ ಹಿಡಿದು ಕೋರ್ಟಿಗೆ ಹೋದರು. 2021ರಲ್ಲಿ ಫೆಡರಲ್ ಕೋರ್ಟಿನ ತೀರ್ಪು ಸಿಟಿ ಪರ ಬಂತು. ಅವರ ಪರ ಒಂದು ಸಂಸ್ಥೆಯ ವಕೀಲರು ನಿಂತಿದ್ದರು. ನಿಮ್ಮದೇ ಖರ್ಚಿನಲ್ಲಿ ಆ ದಾರಿ ಹಿಡಿದರೆ ಮನೆ ಮಾರಾಟ ವರ್ಷಗಟ್ಟಲೆ ನಿಲ್ಲುತ್ತೆ.

ಮಾರಾಟದ ಬಗ್ಗೆ ಎರಡು ಮಾತು. ಕೇಸ್ ನಡೆಯುತ್ತಿರುವಾಗಲೇ ಮಾರುವುದಾದರೆ ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಿ, ನೋಟಿಸ್‌ಗಳ ಪ್ರತಿ ಕೊಡಬೇಕು. ಮಾರಿದ 5 ದಿನದೊಳಗೆ ಹೊಸ ಮಾಲೀಕರ ಹೆಸರು, ವಿಳಾಸ ಕೋಡ್ ಕಚೇರಿಗೂ ತಿಳಿಸಬೇಕು. ಮುಚ್ಚಿಟ್ಟರೆ ಅದನ್ನು ಮೋಸ ಅಂತಲೇ ಕಾನೂನು ಮೊದಲಿಗೆ ಭಾವಿಸುತ್ತೆ. ಕ್ಲೋಸಿಂಗ್ ತಾರೀಖು ಹತ್ತಿರ ಬಂದು ಹಿಯರಿಂಗ್ ತಡವಾದರೆ ನಿಮ್ಮ ಮಾರಾಟದ ದುಡ್ಡಿನಿಂದ ಒಂದು ಮೊತ್ತ ಎಸ್ಕ್ರೋದಲ್ಲಿ (ವ್ಯವಹಾರ ಮುಗಿಯುವ ತನಕ ಮೂರನೆಯವರ ಕೈಯಲ್ಲಿ ಇಡುವ ಖಾತೆ) ಹಿಡಿದಿಟ್ಟು ಕ್ಲೋಸ್ ಮಾಡಬಹುದಾ ಅಂತ ಟೈಟಲ್ ಕಚೇರಿಯನ್ನು ಕೇಳಿ. ಕೆಲವರು ಒಪ್ಪುತ್ತಾರೆ, ಆದರೆ ಲೀನ್‌ಗಿಂತ ಜಾಸ್ತಿಯೇ ಹಿಡಿದಿಡುತ್ತಾರೆ.

ಕಡಿತ ಸಿಕ್ಕಿದ ಮೇಲೆ ಆದೇಶದಲ್ಲಿ ಬರೆದ ಗಡುವು ನೋಡಿ. ಆ ದಿನದೊಳಗೆ ಕಟ್ಟದಿದ್ದರೆ ಬಹುತೇಕ ಕಡೆ ಹಳೆಯ ಪೂರ್ತಿ ಮೊತ್ತವೇ ಮರಳಿ ಬರುತ್ತೆ. ಎರಡನೇ ಸಲ ಅರ್ಜಿ ತೆಗೆದುಕೊಳ್ಳದ ಊರುಗಳೂ ಇವೆ. ಕಟ್ಟಿದ ರಸೀದಿ ಸಿಕ್ಕಿತು ಅಂತ ಸುಮ್ಮನಾಗಬೇಡಿ. ಸಿಟಿ ಲೀನ್ ರಿಲೀಸ್ ಬರೆದು, ಅದು ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದಾಖಲಾಗಿ, ಆನ್‌ಲೈನ್ ಹುಡುಕಾಟದಲ್ಲಿ ಕಾಣಿಸಬೇಕು. ಸಿಟಿಯವರೇ ದಾಖಲು ಮಾಡುತ್ತಾರಾ, ನಿಮ್ಮ ಕೈಗೆ ಕೊಟ್ಟು ನೀವೇ ಮಾಡಿಸಿಕೊಳ್ಳಿ ಅನ್ನುತ್ತಾರಾ ಅಂತ ದುಡ್ಡು ಕಟ್ಟುವಾಗಲೇ ಕೇಳಿಕೊಳ್ಳಿ.