ಜಂಬಿಟ್ಟಿಗೆ ಗೋಡೆಗೆ ಆರು ಆಂಟೆನಾ ಮದ್ದಲ್ಲ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯ ನಾನಾ ವೇಷಗಳು, ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ರೂಟರ್‌ನ ಪಾಸ್‌ವರ್ಡ್ ಎಲ್ಲಿರುತ್ತದೆ ಎಂದು ಕೇಳಿದವರು ದಯವಿಟ್ಟು ಅದನ್ನು ಮಗುಚಿ ನೋಡಿ.

ಪ್ರಶ್ನೆ: ತೀರ್ಥಹಳ್ಳಿ ಸಮೀಪ ನಮ್ಮದು ಹಳೆಯ ತೊಟ್ಟಿ ಮನೆ. ಫೈಬರ್ ಸಂಪರ್ಕ ಬಂದಿದೆ. ಜಗಲಿಯಲ್ಲಿ ವೈಫೈ ಚೆನ್ನಾಗಿದೆ. ಮಗಳು ಹಿಂದಿನ ಕೋಣೆಯಲ್ಲಿ ಕಚೇರಿ ಕೆಲಸಕ್ಕೆ ಕುಳಿತರೆ ಮೀಟಿಂಗ್ ನಡುವೆಯೇ ಕಡಿದುಹೋಗುತ್ತದೆ. ಆರು ಆಂಟೆನಾದ ರೂಟರ್ ಕೊಳ್ಳಿ ಎಂದು ಅಂಗಡಿಯವರು, ರಿಪೀಟರ್ ಸಾಕು ಎಂದು ನೆಂಟರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಕೇಬಲ್ ಎಳೆಸಿ.

ನಿಮ್ಮ ಜಂಬಿಟ್ಟಿಗೆ ಗೋಡೆಗಳು ದಪ್ಪ, ಮಳೆಗಾಲದಲ್ಲಿ ತೇವ ಬೇರೆ. 5 ಗಿಗಾಹರ್ಟ್ಸ್ ಅಲೆಗೆ ವೇಗವಿದೆ, ಗೋಡೆ ದಾಟುವ ತಾಕತ್ತಿಲ್ಲ. 2.4 ಗಿಗಾಹರ್ಟ್ಸ್ ಕೊಂಚ ಮುಂದೆ ಹೋಗುತ್ತದೆ, ಆದರೆ ಅಂಥ ಎರಡು ಗೋಡೆ ದಾಟುವಷ್ಟರಲ್ಲಿ ಅದರಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ. ಆಂಟೆನಾ ಆರಿದ್ದರೂ ಹದಿನಾರಿದ್ದರೂ ರೂಟರ್ ಹೊರಹಾಕಬಹುದಾದ ಶಕ್ತಿಗೆ ಸರ್ಕಾರದ ಮಿತಿಯಿದೆ. ಅದಕ್ಕಿಂತ ಮುಖ್ಯವಾಗಿ, ಮಾತುಕತೆ ಎರಡೂ ಕಡೆಯಿಂದ ನಡೆಯಬೇಕು. ಜಗಲಿಯಲ್ಲಿ ನಿಂತವರು ಕೂಗಿದ್ದು ಹಿಂದಿನ ಕೋಣೆಗೆ ಕೇಳಿಸಿತು ಎಂದುಕೊಳ್ಳಿ. ಅಲ್ಲಿಂದ ಪಿಸುಮಾತಿನಲ್ಲಿ ಕೊಟ್ಟ ಉತ್ತರ ಜಗಲಿಗೆ ಕೇಳಬೇಕಲ್ಲ? ಮೊಬೈಲ್ ಪರದೆಯಲ್ಲಿ ಗೆರೆಗಳೆಲ್ಲ ಕಾಣಿಸುತ್ತಿದ್ದರೂ ಮೀಟಿಂಗ್ ಕಡಿಯುವುದು ಹೀಗೆ.

ರಿಪೀಟರ್ ಬಗ್ಗೆ ನನಗೆ ಸಹನೆ ಕಡಿಮೆ. ಸಾಮಾನ್ಯ ರಿಪೀಟರ್ ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೊಮ್ಮೆ ಹೇಳಬೇಕು, ಆದ್ದರಿಂದ ವೇಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಜನ ಅದನ್ನು ಹಾಕುವುದಾದರೂ ಎಲ್ಲಿ? ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ! ದುಬಾರಿ ಮೆಶ್ ಸೆಟ್‌ಗಳೂ (ಒಂದೇ ವೈಫೈಯಂತೆ ಒಟ್ಟಾಗಿ ಕೆಲಸ ಮಾಡುವ ಎರಡು-ಮೂರು ಪೆಟ್ಟಿಗೆಗಳು) ಗೋಡೆಯ ಆಚೆಗೊಂದು ಈಚೆಗೊಂದು ಕೂತು ಗಾಳಿಯಲ್ಲೇ ಮಾತಾಡುವುದಾದರೆ ಅದೇ ಪಾಡು.

ಜಗಲಿಯ ರೂಟರ್‌ನಿಂದ ಹಿಂದಿನ ಕೋಣೆಗೆ ಅಟ್ಟದ ಮೇಲಿನಿಂದ ಕ್ಯಾಟ್ 6 ಎಂಬ ನೆಟ್‌ವರ್ಕ್ ಕೇಬಲ್ ತನ್ನಿ. 100 ಮೀಟರ್‌ವರೆಗೆ ಚಿಂತೆಯಿಲ್ಲ. ಶುದ್ಧ ತಾಮ್ರದ್ದೇ ಬೇಕೆಂದು ಹಟ ಹಿಡಿಯಿರಿ. ಅಗ್ಗಕ್ಕೆ ಸಿಗುವುದು ಬಹುಪಾಲು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಇಲಿ, ಹೆಗ್ಗಣಗಳ ಕಾಟವಿದ್ದರೆ ಪೈಪಿನೊಳಗೆ ಹಾಯಿಸಿ. ಆ ತುದಿಗೆ ಇನ್ನೊಂದು ರೂಟರ್. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯದಾದರೂ ಆದೀತು. ಅದರ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) 100 ಎಂಬಿಪಿಎಸ್‌ನದ್ದಾದರೆ ವೇಗ ಅದನ್ನು ಮೀರದು, ಆದರೆ ಮೀಟಿಂಗ್‌ಗೆ ಅದು ಧಾರಾಳ.

ಎಲ್ಲರೂ ಎಡವುವುದು ಇಲ್ಲಿ. ಎರಡನೆಯ ರೂಟರ್ ಅನ್ನು ಮೊದಲನೆಯದಕ್ಕೆ ಜೋಡಿಸುವ ಮುನ್ನವೇ ಅದರ ಸೆಟ್ಟಿಂಗ್ ಮುಗಿಸಿ. ‘ಆಕ್ಸೆಸ್ ಪಾಯಿಂಟ್’ ಮೋಡ್ (ವೈಫೈ ಹರಡುವುದಷ್ಟೇ ಅದರ ಕೆಲಸ) ಇದ್ದರೆ ಅದನ್ನೇ ಆಯ್ದುಕೊಳ್ಳಿ. ಇಲ್ಲದಿದ್ದರೆ ಡಿಎಚ್‌ಸಿಪಿ, ಅಂದರೆ ಮೊಬೈಲ್, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಸೌಲಭ್ಯವನ್ನು ಬಂದ್ ಮಾಡಬೇಕು. ಮನೆಯಲ್ಲಿ ವಿಳಾಸ ಹಂಚುವ ಯಜಮಾನಿಕೆ ಮೊದಲ ರೂಟರ್‌ಗೆ ಮಾತ್ರ ಇರಲಿ. ಎರಡಕ್ಕೂ 192.168.1.1 ಎಂಬ ಒಂದೇ ವಿಳಾಸವಿದ್ದರೆ ಜಗಳ ಖಚಿತ. ಎರಡನೆಯದಕ್ಕೆ ಅದೇ ಸಾಲಿನ, ಕೊನೆಯ ಸಂಖ್ಯೆ ಮಾತ್ರ ಬೇರೆಯಿರುವ ವಿಳಾಸ ಕೊಡಿ, ಮೊದಲ ರೂಟರ್ ಹಂಚುವ ವ್ಯಾಪ್ತಿಯಿಂದ ಹೊರಗಿನದನ್ನು. ಆಮೇಲೆ ಕೇಬಲ್ ಅನ್ನು ಅದರ ಲ್ಯಾನ್ ಪೋರ್ಟ್‌ಗೆ (ಮನೆಯ ಉಪಕರಣಗಳಿಗೆ ಇರುವುದು) ಚುಚ್ಚಿ. ಬಣ್ಣ ಬೇರೆಯಿದೆ ಎಂದು ವ್ಯಾನ್ ಪೋರ್ಟ್‌ಗೆ (ಹೊರಗಿನ ಇಂಟರ್ನೆಟ್ ಬರುವುದು) ಚುಚ್ಚಬೇಡಿ. (ಆಕ್ಸೆಸ್ ಪಾಯಿಂಟ್ ಮೋಡ್ ಇರುವ ಕೆಲವು ರೂಟರ್‌ಗಳಲ್ಲಿ ಮಾತ್ರ ವ್ಯಾನ್ ಪೋರ್ಟನ್ನೇ ಬಳಸಬೇಕು, ಅದರ ಕೈಪಿಡಿ ಓದಿ.) ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ. 2.4ರಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 11.

ಇಷ್ಟಕ್ಕೆಲ್ಲ ಇಳಿಯುವ ಮುನ್ನ ಮೊದಲ ರೂಟರ್‌ಗೆ ಲ್ಯಾಪ್‌ಟಾಪ್ ಅನ್ನು ಕೇಬಲ್‌ನಲ್ಲೇ ಜೋಡಿಸಿ ವೇಗ ನೋಡಿ. ಅಲ್ಲೇ ನಿಧಾನವಾಗಿದ್ದರೆ ಗೋಡೆಯನ್ನು ಬೈಯಬೇಡಿ, ಸಂಪರ್ಕ ಕೊಟ್ಟ ಕಂಪನಿಗೆ ದೂರು ಕೊಡಿ.

ಪ್ರಶ್ನೆ: ಅಂಗಳದಾಚೆಯ ಅಡಿಕೆ ಮನೆಗೂ ಇದೇ ಕೇಬಲ್ ಎಳೆಯಬಹುದೇ? (ಹೊಸನಗರ)

ಉತ್ತರ: ನಾನು ಎಳೆಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲು ಹತ್ತಿರದಲ್ಲೆಲ್ಲೋ ಬಡಿದರೂ ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ ಎರಡೂ ಕಡೆಯ ಉಪಕರಣ ಸುಡಬಹುದು. ಅಲ್ಲಿಗೆ ಫೈಬರ್ ಎಳೆಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನೂ ಕೇಬಲ್‌ನ ವಿದ್ಯುತ್ ಸಂಕೇತವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಪೆಟ್ಟಿಗೆ) ಹಾಕಿಸಿ. ಉಕ್ಕಿನ ತಂತಿ ಇರುವ ಫೈಬರ್ ಕೊಟ್ಟರೆ ವಾಪಸ್ ಕೊಡಿ. ಗುಡುಗು ದೂರದಲ್ಲಿ ಕೇಳಿದಾಗಲೇ ರೂಟರ್‌ನ ಪ್ಲಗ್ ಕಳಚಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ತಲೆಯ ಮೇಲಿರುವಾಗ ಕಳಚಲು ಓಡಬೇಡಿ.

ಪ್ರಶ್ನೆ: ರೂಟರ್‌ಗೆ ವಿಕಿರಣ ತಡೆಯುವ ತಾಮ್ರದ ಸ್ಟಿಕ್ಕರ್ ಅಂಟಿಸಬೇಕೆ? (ಸಾಗರ)

ಉತ್ತರ: ಮಾರುವವನ ಜೇಬಿಗೆ ಮಾತ್ರ ಒಳ್ಳೆಯದು. ನೀವು ಕಿವಿಗೊತ್ತಿ ಮಾತಾಡುವ ಮೊಬೈಲ್‌ನಿಂದ ಮೈಗೆ ತಾಗುವುದು ಕೋಣೆಯ ಮೂಲೆಯ ರೂಟರ್‌ನಿಂದ ತಾಗುವುದಕ್ಕಿಂತ ಹೆಚ್ಚು.

ಪ್ರಶ್ನೆ: ವೈಫೈ ಹೆಸರು ಮುಚ್ಚಿಟ್ಟರೆ ಕಳ್ಳರು ಬರುವುದಿಲ್ಲವೇ? (ಶಿವಮೊಗ್ಗ)

ಉತ್ತರ: ಬರುತ್ತಾರೆ. ಮುಚ್ಚಿಟ್ಟ ಹೆಸರನ್ನು ಹುಡುಕುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಕೊಟ್ಟು ಜೋಡಿಸುವ ಸೌಲಭ್ಯ) ಬಂದ್ ಮಾಡಿ, ಭದ್ರತೆಯ ಬಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇಡಿ, ಉದ್ದದ ಪಾಸ್‌ವರ್ಡ್ ಹಾಕಿ. ಮನೆಯ ಹೆಸರಿನ ಮುಂದೆ 123 ಬರೆದು ಅದನ್ನು ಪಾಸ್‌ವರ್ಡ್ ಎನ್ನಬೇಡಿ.

ಪ್ರಶ್ನೆ: ಕರೆಂಟ್ ಹೋದರೆ ನೆಟ್ ಹೋಗುತ್ತದೆ. (ಆಗುಂಬೆ)

ಉತ್ತರ: ಹೋಗದೆ ಇನ್ನೇನು? ಮಿನಿ ಯುಪಿಎಸ್ ತನ್ನಿ. ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ಕೊಳ್ಳಿ. 9 ವೋಲ್ಟ್ ರೂಟರ್‌ಗೆ 12 ವೋಲ್ಟ್ ಚುಚ್ಚಿ ಸುಟ್ಟುಹೋಯಿತೆಂದು ನನಗೆ ಬರೆಯಬೇಡಿ.