ಪಂಕ್, ಗ್ಯಾರೇಜ್ ರಾಕ್: ಯಾವ ಲೇಬಲ್ ಹಿಡಿಯಲಿ, ಯಾವ ಬ್ಯಾಂಡ್ ಮೊದಲು ಕೇಳಲಿ?

ನೀವು ರಾಯಚೂರಿನವರು, ಇನ್ನೂ ಓದುತ್ತಿದ್ದೀರಿ, ಪಂಕ್ ಮತ್ತು ಗ್ಯಾರೇಜ್ ರಾಕ್, ಅಂದರೆ ಒರಟಾದ, ಜೋರಾದ, ಸರಳ ರಾಕ್ ಸಂಗೀತದ ಹುಚ್ಚು ಈಗಷ್ಟೇ ಹತ್ತಿದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ನಡೆದ ಲೇಬಲ್‌ಗಳಲ್ಲಿ (ರೆಕಾರ್ಡ್ ಮಾಡಿಸಿ ಮಾರುವ ಸಂಸ್ಥೆಗಳಲ್ಲಿ) ಯಾವುದನ್ನು ಹಿಡಿಯಲಿ, ಯಾವ ಬ್ಯಾಂಡ್ ಮೊದಲು ಕೇಳಲಿ ಅಂತ ಕೇಳಿದ್ದೀರಿ. ಕೊನೆಗೊಂದು ಸಾಲು ಸೇರಿಸಿದ್ದೀರಿ: ಮೂರು ಜನ ಗೆಳೆಯರಿದ್ದೇವೆ, ಒಂದು ಗಿಟಾರ್ ಇದೆ, ನಮ್ಮಂಥ ಊರಲ್ಲಿ ಇದೆಲ್ಲ ಆಗೋ ಮಾತಾ?

ಆ ಕೊನೇ ಸಾಲಿನಿಂದಲೇ ಶುರು ಮಾಡುತ್ತೇನೆ. ನನಗೆ ಇಷ್ಟವಾದ ಬ್ಯಾಂಡ್‌ಗಳಲ್ಲಿ ಜಾಸ್ತಿ ಪಾಲು ನಮ್ಮಂಥ ಊರುಗಳಿಂದಲೇ ಬಂದವು. ಕಾರ್ಖಾನೆ ಊರು, ಬಂದರಿನ ಊರು, ಹೊಗೆ ಧೂಳಿನ ಊರು. ನ್ಯೂಯಾರ್ಕ್, ಲಂಡನ್ ಬ್ಯಾಂಡ್‌ಗಳ ಹೆಸರು ಎಲ್ಲರೂ ಹೇಳುತ್ತಾರೆ. ನಾನು ಈ ಬೇರೆ ಊರುಗಳ ಕಥೆ ಹೇಳುತ್ತೇನೆ.

ನಾನು ಬಳ್ಳಾರಿಯಲ್ಲಿ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಇಲ್ಲಿನ ಜೀನ್ಸ್ ಹೊಲಿಯುವವರಿಗೆ ಟ್ಯಾಗು, ಇಂಥವು. 2010ರ ಆಸುಪಾಸಿನಲ್ಲಿ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಸಿಕೊಂಡು ಬರುವ ಕಾಲ ಇತ್ತಲ್ಲ, ಆಗ ನನ್ನ ಕಾರ್ಡಿಗೆ ಯಾರದೋ ಫೋಲ್ಡರ್ ಒಂದು ಸೇರಿಕೊಂಡು ಬಂತು. ಅದರಲ್ಲಿ ಸಾನಿಕ್ಸ್ ಅನ್ನೋ ಬ್ಯಾಂಡಿನ ನಾಲ್ಕು ಹಾಡು. ಮಷಿನ್ ಓಡುತ್ತಿದ್ದಾಗ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ಮಷಿನ್ ಸದ್ದು ಯಾವುದು, ಡ್ರಮ್ ಸದ್ದು ಯಾವುದು ಅಂತ ಗೊತ್ತಾಗಲಿಲ್ಲ. ಅವತ್ತಿನಿಂದ ಬಿಟ್ಟಿಲ್ಲ.

ಸಾನಿಕ್ಸ್ ಅಮೆರಿಕದ ಟಕೋಮಾದವರು. ತಾಮ್ರ ಕರಗಿಸುವ ಕಾರ್ಖಾನೆ, ಕಾಗದದ ಗಿರಣಿ ಇದ್ದ ಊರು. ಅವರ ಮೊದಲ ಆಲ್ಬಮ್ 1965ರದು. ಎರಡೇ ಟ್ರ್ಯಾಕಿನ ಟೇಪು, ಇಡೀ ಡ್ರಮ್ ಸೆಟ್ಟಿಗೆ ಒಂದೇ ಮೈಕು. ತಂದ ಲೇಬಲ್ ಎಟಿಕೆಟ್. ಅದನ್ನು ಕಟ್ಟಿದವರೂ ಅದೇ ಊರಿನ ಇನ್ನೊಂದು ಬ್ಯಾಂಡ್, ವೇಲರ್ಸ್‌ನ ಹುಡುಗರು. ಅಂದರೆ ಒಂದು ಊರಿನ ಬ್ಯಾಂಡ್ ತನ್ನೂರಿನ ಇನ್ನೊಂದು ಬ್ಯಾಂಡಿಗೆ ರೆಕಾರ್ಡ್ ಮಾಡಿಕೊಟ್ಟಿತು. ಗ್ಯಾರೇಜ್ ರಾಕ್ ಅಂದರೆ ಏನು ಅಂತ ನನ್ನನ್ನು ಕೇಳಿದರೆ ನಾನು ಇದನ್ನೇ ಹೇಳೋದು. ನಮ್ಮ ಮಾಮ ದೊಡ್ಡಾಟದಲ್ಲಿ ರಾತ್ರಿಯಿಡೀ ಪಾತ್ರ ಮಾಡಿದವರು. ಅವರಿಗೆ ಒಂದು ಸಲ ಸಾನಿಕ್ಸ್ ಹಾಡು ಕೇಳಿಸಿದೆ. ಹಾಡುಗಾರನ ಚೀರಾಟ ಕೇಳಿ, "ಇಂವ ಮೈಕ್ ಇಲ್ಲದ ಆಟದಾಗ ಹಾಡಿದಾಂವ ಇದ್ದಂಗ ಐತಿ ನೋಡು" ಅಂದರು. ಸಾನಿಕ್ಸ್ ಬಗ್ಗೆ ಅಷ್ಟು ಸರಿಯಾದ ಮಾತನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಇಂಥವೇ ಇನ್ನೂ ಬೇಕು ಅನಿಸಿದರೆ ಕ್ರಿಪ್ಟ್ ಲೇಬಲ್ ಹಿಡಿಯಿರಿ. ಟಿಮ್ ವಾರನ್ ಅನ್ನೋರು 1983ರಲ್ಲಿ 'ಬ್ಯಾಕ್ ಫ್ರಮ್ ದಿ ಗ್ರೇವ್' ಅಂತ ಒಂದು ಮಾಲೆ ಶುರು ಮಾಡಿದರು. ಅರವತ್ತರ ದಶಕದಲ್ಲಿ ಸಣ್ಣ ಊರಿನ ಹುಡುಗರು ಒಂದೋ ಎರಡೋ ಸಿಂಗಲ್ (ಒಂದೆರಡು ಹಾಡಿನ ಸಣ್ಣ ರೆಕಾರ್ಡ್) ತಂದು ಕಳೆದುಹೋಗಿದ್ದರಲ್ಲ, ಅಂಥವರನ್ನೆಲ್ಲ ಹುಡುಕಿ ತೆಗೆದ ಮಾಲೆ. ನನಗೆ ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಇದೇ.

ಬ್ಯಾಂಡ್‌ಗಿಂತ ಮೊದಲು ಲೇಬಲ್ ಹಿಡಿಯಿರಿ ಅಂತ ನಾನು ಯಾಕೆ ಹೇಳುತ್ತೇನೆ ಗೊತ್ತಾ? ಇಂಥ ಲೇಬಲ್ ಅಂದರೆ ಬಹಳ ಸಲ ಒಬ್ಬರೋ ಇಬ್ಬರೋ. ಅವರ ಕಿವಿಗೆ ಹಿಡಿಸಿದ್ದು ಮಾತ್ರ ಹೊರಗೆ ಬರುತ್ತದೆ. ಗೊತ್ತಿರೋ ಬಟ್ಟೆ ಅಂಗಡಿಯವರ ಆಯ್ಕೆ ಒಂದು ಸಲ ಹಿಡಿಸಿದರೆ ಆಮೇಲೆ ಬೇರೆ ಅಂಗಡಿ ಸುತ್ತಲ್ಲ, ಅಲ್ವಾ? ಹಾಗೇ ಇದು.

ಈಗ ನನ್ನ ಮನಸ್ಸಿಗೆ ತುಂಬಾ ಹತ್ತಿರದ ಲೇಬಲ್, ಡಿಸ್ಕಾರ್ಡ್. ವಾಷಿಂಗ್ಟನ್ ಡಿಸಿಯಲ್ಲಿ ಟೀನ್ ಐಡಲ್ಸ್ ಅಂತ ಹೈಸ್ಕೂಲ್ ಹುಡುಗರ ಬ್ಯಾಂಡ್ ಇತ್ತು. ಒಂದು ವರ್ಷ ನಡೆದಿರಬೇಕು, ಅಷ್ಟೆ. ಕಾರ್ಯಕ್ರಮದಿಂದ ಬಂದ ದುಡ್ಡನ್ನು ಹಂಚಿಕೊಳ್ಳದೆ ಕೂಡಿಟ್ಟಿದ್ದರು, ಸುಮಾರು 600 ಡಾಲರ್. ಬ್ಯಾಂಡ್ ಒಡೆಯಿತು. ದುಡ್ಡು ಪಾಲು ಮಾಡಿಕೊಳ್ಳುವ ಬದಲು ಅದರಲ್ಲಿ ತಮ್ಮ ರೆಕಾರ್ಡ್ ತರೋಣ ಅಂದುಕೊಂಡರು. 1980ರಲ್ಲಿ ಇಯಾನ್ ಮೆಕ್‌ಕಾಯ್, ಜೆಫ್ ನೆಲ್ಸನ್ ಮತ್ತು ಗೆಳೆಯರು ಸೇರಿ 1000 ಪ್ರತಿ ಮಾಡಿಸಿದರು. ಡಿಸ್ಕಾರ್ಡ್ ಹುಟ್ಟಿದ್ದು ಹೀಗೆ. ಕವರ್ ಮಾಡಿಸೋಕೆ ದುಡ್ಡು ಸಾಲದು. ಬೇರೆ ರೆಕಾರ್ಡಿನ ಕವರ್ ಒಂದನ್ನು ಬಿಚ್ಚಿ ಹರಡಿ, ಅದರ ಅಳತೆ ತೆಗೆದು, ಕತ್ತರಿಸಿ, ಮಡಚಿ, ಅಂಟು ಹಚ್ಚಿ ಎಲ್ಲವನ್ನೂ ಕೈಯಲ್ಲೇ ಮಾಡಿದರು.

ಇದನ್ನು ಓದಿದ ದಿನ ನನಗೆ ಪ್ರೆಸ್ಸಿನಿಂದ ಮನೆಗೆ ಹೋಗೋ ಮನಸ್ಸಾಗಲಿಲ್ಲ. ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ಬೋರ್ಡ್ ಮೂಲೆಯಲ್ಲಿ ಬಿದ್ದಿತ್ತು. ಏಳು ಇಂಚಿನ ರೆಕಾರ್ಡಿಗೆ ಏಳೂಕಾಲು ಇಂಚಿನ ಕವರ್ ಅಂತ ಸ್ಕೇಲ್ ಇಟ್ಟು ಗೆರೆ ಎಳೆದೆ. ಮೂರು ಕಡೆ ಅರ್ಧ ಇಂಚಿನ ಅಂಚು ಬಿಟ್ಟೆ. ಮೊದಲನೆಯದು ಮಡಚಿದ ಕಡೆ ಬಿರುಕು ಬಿಟ್ಟಿತು, ಬೋರ್ಡಿನ ಎಳೆಗೆ ಅಡ್ಡ ಮಡಚಿದ್ದೆ. ಎರಡನೆಯದಕ್ಕೆ ಎಳೆ ನೋಡಿಕೊಂಡು, ಇಂಕ್ ಮುಗಿದ ಬಾಲ್ ಪೆನ್ನಿನಿಂದ ಗೆರೆ ಒತ್ತಿ ಮಡಚಿದೆ, ಚೆನ್ನಾಗಿ ಕೂತಿತು. ಅಂಟು ಜಾಸ್ತಿಯಾದರೆ ಒಳಗೆ ಸೋರಿ ಎರಡೂ ಮೈ ಕಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ನಮ್ಮೂರಿನ ಬಿಸಿಲಿಗೆ ಒಣಗಿ ಬಿಟ್ಟುಕೊಳ್ಳುತ್ತದೆ. ಕೈ ಪಳಗಿದ ಮೇಲೆ ಒಂದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಸಾವಿರಕ್ಕೆ ಲೆಕ್ಕ ಹಾಕಿದೆ: 66 ಗಂಟೆ ಮೀರುತ್ತದೆ. ಆ ಹುಡುಗರು ಅದನ್ನು ಮಾಡಿದರು. ಮುಂದಿನ ರೆಕಾರ್ಡುಗಳಿಗೂ ಹಾಗೇ ಕೂತು ಮಡಚಿದರು. ನನ್ನ ಹನ್ನೆರಡು ಕವರ್ ಇನ್ನೂ ಪ್ರೆಸ್ಸಿನ ಕಪಾಟಿನಲ್ಲಿವೆ.

ಡಿಸ್ಕಾರ್ಡ್‌ನಲ್ಲಿ ಮೊದಲು ಮೈನರ್ ಥ್ರೆಟ್ ಕೇಳಿ, ಆಮೇಲೆ ಫುಗಾಜಿ. ಎರಡರಲ್ಲೂ ಮೆಕ್‌ಕಾಯ್ ಇದ್ದಾರೆ. ಮೈನರ್ ಥ್ರೆಟ್ ಹಾಡು ಕೇಳೋಕೆ ಕೂರುವಷ್ಟರಲ್ಲಿ ಮುಗಿದಿರುತ್ತದೆ. ಫುಗಾಜಿಗೆ ಸಮಯ ಕೊಡಿ. ಮೂರನೇ ಸಲಕ್ಕೆ ಬಾಸ್ ಗಿಟಾರ್ ನಿಮ್ಮನ್ನು ಹಿಡಿದುಕೊಳ್ಳುತ್ತದೆ. ತಮ್ಮ ಕಾರ್ಯಕ್ರಮದ ಟಿಕೆಟ್ 5 ಡಾಲರ್ ಆಸುಪಾಸಿನಲ್ಲೇ ಇರಬೇಕು, ಯಾವ ವಯಸ್ಸಿನವರಿಗೂ ಒಳಗೆ ಬಿಡಬೇಕು ಅಂತ ಹಟ ಹಿಡಿದವರು ಇವರು.

ಲಾಸ್ ಏಂಜಲೀಸ್ ಬಂದರಿನ ಪಕ್ಕ ಸ್ಯಾನ್ ಪೀಡ್ರೊ ಇದೆ, ಕೂಲಿ ಕಾರ್ಮಿಕರ ಊರು. ಅಲ್ಲಿನ ಮಿನಟ್‌ಮೆನ್ ನಿಮ್ಮ ಹಾಗೇ ಮೂರು ಜನ. ಡಿ. ಬೂನ್ ಮತ್ತು ಮೈಕ್ ವಾಟ್ ಬಾಲ್ಯದ ಗೆಳೆಯರು. ಕಡಿಮೆ ಖರ್ಚು, ಸಣ್ಣ ವ್ಯಾನು, ತಮ್ಮ ಸಾಮಾನು ತಾವೇ ಹೊರೋದು, ಇದು ಅವರ ರೀತಿ. 1984ರಲ್ಲಿ ಎಸ್‌ಎಸ್‌ಟಿ ಲೇಬಲ್ ತಂದ ಅವರ ಜೋಡಿ ಆಲ್ಬಮ್‌ನಲ್ಲಿ ನಲವತ್ತಕ್ಕೂ ಜಾಸ್ತಿ ಹಾಡುಗಳಿವೆ, ಎಷ್ಟೋ ಹಾಡು ಎರಡು ನಿಮಿಷದೊಳಗೆ. ಮುಂದಿನ ವರ್ಷ ಡಿಸೆಂಬರಿನಲ್ಲಿ ಬೂನ್ ವ್ಯಾನ್ ಅಪಘಾತದಲ್ಲಿ ತೀರಿಕೊಂಡರು. 27 ವರ್ಷ. ಅದು ಗೊತ್ತಾದ ಮೇಲೆ ಆ ಗಿಟಾರ್ ಬೇರೆ ಥರ ಕೇಳಿಸುತ್ತದೆ. ಎಸ್‌ಎಸ್‌ಟಿ ಕಟ್ಟಿದ ಗ್ರೆಗ್ ಗಿನ್ ಹುಡುಗನಿದ್ದಾಗ ರೇಡಿಯೋ ಉಪಕರಣ ಮಾರುತ್ತಿದ್ದವರು. ಆ ವ್ಯಾಪಾರದ ಹೆಸರನ್ನೇ ಲೇಬಲ್‌ಗೂ ಇಟ್ಟರು.

ಡೆಟ್ರಾಯಿಟ್‌ನ ಡೆತ್ ಬ್ಯಾಂಡನ್ನು ಮಾತ್ರ ದಯವಿಟ್ಟು ಬಿಡಬೇಡಿ. ಡೇವಿಡ್, ಬಾಬಿ, ಡ್ಯಾನಿಸ್, ಮೂವರು ಕಪ್ಪು ಸಹೋದರರು. ಹ್ಯಾಕ್ನಿ ಮನೆತನ. ಪಂಕ್ ಅನ್ನೋ ಹೆಸರು ಇನ್ನೂ ಊರೆಲ್ಲ ಹಬ್ಬುವ ಮೊದಲೇ, 1975ರಲ್ಲಿ, ಅಂಥದೇ ಹಾಡು ರೆಕಾರ್ಡ್ ಮಾಡಿದ್ದರು. ಬ್ಯಾಂಡಿನ ಹೆಸರು ಬದಲಾಯಿಸಿ ಅಂತ ದೊಡ್ಡ ಕಂಪನಿಯ ಯಜಮಾನರು ಕೇಳಿದರು. ಡೇವಿಡ್ ಒಪ್ಪಲಿಲ್ಲ. ಕರಾರು ಕೈತಪ್ಪಿತು. 1976ರಲ್ಲಿ ತಾವೇ 500 ಪ್ರತಿ ಸಿಂಗಲ್ ತಂದರು, ಯಾರೂ ಕಿವಿಗೊಡಲಿಲ್ಲ. ಡೇವಿಡ್ 2000ದಲ್ಲಿ ತೀರಿಕೊಂಡರು. 2009ರಲ್ಲಿ ಶಿಕಾಗೋದ ಡ್ರ್ಯಾಗ್ ಸಿಟಿ ಲೇಬಲ್ ಆ ಹಳೇ ಟೇಪುಗಳನ್ನು ಆಲ್ಬಮ್ ಮಾಡಿ ತಂದಿತು. ಆಗ ಲೋಕ ತಿರುಗಿ ನೋಡಿತು. ಆ ಆಲ್ಬಮ್‌ನ ಏಳು ಹಾಡು ಕೇಳುವಾಗ ನನಗೆ ಪ್ರತೀ ಸಲ ಗಂಟಲು ಕಟ್ಟುತ್ತದೆ.

ಇನ್ನು ಒಂದೆರಡು ಹೆಸರು ಬೇಗ ಹೇಳುತ್ತೇನೆ. ಮೆಂಫಿಸ್‌ನ ಗೋನರ್ ಲೇಬಲ್ 1993ರಲ್ಲಿ ಶುರುವಾದದ್ದೇ ಜಪಾನಿನ ಗಿಟಾರ್ ವುಲ್ಫ್ ಬ್ಯಾಂಡಿನ ರೆಕಾರ್ಡ್ ತರೋಕೆ. ಸದ್ದು ಜೋರು, ಮೊದಲೇ ಸೌಂಡ್ ತಗ್ಗಿಸಿಕೊಂಡು ಕೇಳಿ. ಇಂಗ್ಲೆಂಡಿನಲ್ಲಿ ಬಜ್‌ಕಾಕ್ಸ್ ಬ್ಯಾಂಡಿನವರು 1977ರ ಜನವರಿಯಲ್ಲಿ ಸಾಲ ತಂದ 500 ಪೌಂಡಿನಲ್ಲಿ ತಮ್ಮ ಮೊದಲ ರೆಕಾರ್ಡ್ ತಂದರು. ಚ್ಯಾಥಮ್‌ನ ಬಿಲ್ಲಿ ಚೈಲ್ಡಿಶ್ ಹಡಗುಕಟ್ಟೆಯಲ್ಲಿ ಕಲ್ಲು ಕೆಲಸ ಕಲಿಯುತ್ತಿದ್ದವರು. ಆಮೇಲೆ ಮಾಡಿದ ಆಲ್ಬಮ್ ನೂರು ದಾಟಿವೆ.

ನಮ್ಮ ದೇಶದಲ್ಲೂ ಇದು ಹಳೆಯದೇ. 1970 ಮತ್ತು 1971ರಲ್ಲಿ ಸಿಮ್ಲಾ ಸಿಗರೇಟ್ ಹೆಸರಿನಲ್ಲಿ ಬ್ಯಾಂಡ್‌ಗಳ ಸ್ಪರ್ಧೆ ನಡೆದು 'ಸಿಮ್ಲಾ ಬೀಟ್' ಅಂತ ಎರಡು ಎಲ್‌ಪಿ (ದೊಡ್ಡ ರೆಕಾರ್ಡ್) ಬಂದವು. ಶಿಲ್ಲಾಂಗ್‌ನ ಫೆಂಟೋನ್ಸ್ ಬ್ಯಾಂಡ್ ಹುಡುಕಿ ಕೇಳಿ.

ಎಲ್ಲಿ ಕೇಳೋದು ಅಂದರೆ, ಬ್ಯಾಂಡ್‌ಕ್ಯಾಂಪ್ ಅನ್ನೋ ವೆಬ್‌ಸೈಟಿನಲ್ಲಿ ಲೇಬಲ್ ಹೆಸರು ಹಾಕಿ ಹುಡುಕಿ. ಡಿಸ್ಕಾರ್ಡ್, ಗೋನರ್ ಎರಡೂ ಸಿಗುತ್ತವೆ, ಸುಮ್ನೆ ಕೇಳೋಕೆ ದುಡ್ಡು ಬೇಡ. ಹೊರದೇಶದಿಂದ ರೆಕಾರ್ಡ್ ತರಿಸೋ ಆಸೆ ಈಗಲೇ ಬೇಡ, ಅಂಚೆ ಮತ್ತು ಕಸ್ಟಮ್ಸ್ ಸೇರಿದರೆ ರೆಕಾರ್ಡಿಗಿಂತ ಜಾಸ್ತಿ ಆಗಿಬಿಡಬಹುದು. ಆ ದುಡ್ಡಿನಲ್ಲಿ ಗಿಟಾರ್ ತಂತಿ ಕೊಳ್ಳಿ.

ಮತ್ತೆ ನಿಮ್ಮ ಮೂವರ ವಿಷಯ. ಮೊಬೈಲಿನಲ್ಲೇ ಆಗಲಿ, ಎರಡು ಹಾಡು ರೆಕಾರ್ಡ್ ಮಾಡಿ. ಕನ್ನಡದಲ್ಲೇ ಹಾಡಿ, ನಿಮ್ಮ ಮನೆಯಲ್ಲಿ ಆಡೋ ಕನ್ನಡದಲ್ಲಿ. ಸಿಡಿಯೋ, ಪೆನ್‌ಡ್ರೈವೋ, ಯಾವುದರಲ್ಲಿ ಹಾಕಿದರೂ ಕವರ್ ಕೆಲಸ ನನಗೆ ಬಿಡಿ, ದುಡ್ಡು ಕೊಡೋದು ಬೇಡ. ಆಷಾಢದಲ್ಲಿ ಬನ್ನಿ. ಆಗ ಲಗ್ನಪತ್ರಿಕೆ ಕೆಲಸ ಇರಲ್ಲ, ಮಷಿನ್ ಖಾಲಿ ಇರುತ್ತೆ, ಉಳಿದ ಬೋರ್ಡೂ ಬೇಕಾದಷ್ಟು ಇರುತ್ತೆ. ನಾಲ್ಕು ಜನ ಕೂತರೆ ನೂರು ಕವರ್ ಒಂದೇ ಸಂಜೆಗೆ ಮುಗಿಯುತ್ತೆ.