ಕೇಳಿ, ಹೇಳ್ತೀನಿ: ಫೋನು ನಿಮ್ಮದು, ಅಕೌಂಟು ಯಾರದ್ದು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದವರದ್ದು. ಚಿಂತಾಮಣಿಯ ನನ್ನ ರಿಪೇರಿ ಅಂಗಡಿಗೆ ಬರುವವರೂ ಇವನ್ನೇ ಕೇಳುತ್ತಾರೆ. ಕೌಂಟರ್ ಮುಂದೆ ನಿಂತವರಿಗೆ ಹೇಳುವ ಹಾಗೆಯೇ ಇಲ್ಲೂ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಆದ್ದರಿಂದ ಊರು ಮಾತ್ರ.

ಪ್ರ: ಬೆಂಗಳೂರಿನಲ್ಲಿರುವ ಮಗ ಹೊಸ ಫೋನ್ ಕಳಿಸಿದ್ದಾನೆ. ಡಬ್ಬ ಇನ್ನೂ ಒಡೆದಿಲ್ಲ. ಇಷ್ಟು ದಿನ ಬಟನ್ ಫೋನ್ ಇತ್ತು. ಪಕ್ಕದ ಮನೆ ಹುಡುಗ ‘ಕೊಡಿ ತಾತ, ಐದು ನಿಮಿಷದಲ್ಲಿ ಎಲ್ಲಾ ಹಾಕಿಕೊಡ್ತೀನಿ’ ಅನ್ನುತ್ತಾನೆ. ಕೊಡಲಾ ತಾಯಿ?
– ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ ತಾಲ್ಲೂಕು

ಉ: ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಫೋನ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಅವನು ಹೇಳಲಿ, ನೀವು ಒತ್ತಿ. ಐದು ನಿಮಿಷದ ಕೆಲಸ ಒಂದು ಗಂಟೆ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಐದು ನಿಮಿಷದಲ್ಲಿ ಮುಗಿಸುವವರು ಏನು ಮಾಡುತ್ತಾರೆ ಗೊತ್ತಾ? ತಮ್ಮದೇ ಜಿಮೇಲ್ ಅಕೌಂಟ್ ಹಾಕಿಬಿಡುತ್ತಾರೆ. ಇಲ್ಲವೇ ಬಾಯಿಗೆ ಬಂದ ಹೆಸರಲ್ಲಿ ಹೊಸದೊಂದು ಮಾಡಿ, ಪಾಸ್‌ವರ್ಡ್ ಮರೆತುಬಿಡುತ್ತಾರೆ. ಫೋನ್ ಚೆನ್ನಾಗಿಯೇ ಓಡುತ್ತಿರುತ್ತದೆ. ಒಂದು ದಿನ ನಿಮಗೆ ಪಿನ್ ಮರೆಯುತ್ತದೆ. ಯಾರೋ ಬಟನ್ ಒತ್ತಿ ಹಿಡಿದು ಫೋನನ್ನು ರೀಸೆಟ್ ಮಾಡುತ್ತಾರೆ, ಅಂದರೆ ಒಳಗಿದ್ದದ್ದೆಲ್ಲ ಅಳಿಸಿ ಹೊಸದರ ಹಾಗೆ ಮಾಡುತ್ತಾರೆ. ಆಗ, ಈ ಫೋನಿನಲ್ಲಿ ಮೊದಲು ಇದ್ದ ಅಕೌಂಟ್ ಹಾಕಿ ಅಂತ ಪರದೆ ಕೇಳುತ್ತದೆ. ಕದ್ದವರು ಬಳಸಬಾರದು ಅಂತ ಗೂಗಲ್ ಇಟ್ಟಿರುವ ಬೀಗ ಅದು. ಬೀಗ ಒಳ್ಳೆಯದೇ. ಕೀಲಿ ಮಾತ್ರ ಕೆಲಸಕ್ಕೆ ಅಂತ ಊರು ಬಿಟ್ಟ ಹುಡುಗನ ಹತ್ತಿರ ಇರುತ್ತದೆ. ಬಿಲ್ ಹಿಡಿದುಕೊಂಡು ಬಂದು ‘ನನ್ನದೇ ಫೋನಮ್ಮ, ನನಗೇ ಬಿಡ್ತಿಲ್ಲ’ ಅಂತ ಗೋಳಾಡುವವರನ್ನು ನಾನು ನೋಡುತ್ತಲೇ ಇರುತ್ತೇನೆ.

ಹಾಗಾಗಿ ಅಕೌಂಟ್ ನಿಮ್ಮ ಹೆಸರಲ್ಲಿ, ನಿಮ್ಮ ಜನ್ಮದಿನಾಂಕದಲ್ಲಿ, ನಿಮ್ಮ ನಂಬರಿನಲ್ಲಿ ಆಗಲಿ. ಮಗನ ನಂಬರ್ ಕೊಟ್ಟರೆ ಪಾಸ್‌ವರ್ಡ್ ಬದಲಿಸುವ ಕೋಡ್ ಬೆಂಗಳೂರಿಗೆ ಹೋಗುತ್ತದೆ. ಅವನು ಡ್ಯೂಟಿಯಲ್ಲಿದ್ದರೆ ನೀವು ಸಂಜೆವರೆಗೆ ಕಾಯಬೇಕು. ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ. ಎಲ್ಲೂ ಬರೆಯಬೇಡಿ ಅಂತ ಓದಿದವರು ಹೇಳುತ್ತಾರೆ. ನಮ್ಮ ವಯಸ್ಸಿನವರಿಗೆ ಆ ಮಾತು ನಡೆಯುವುದಿಲ್ಲ, ಬರೆದಿಡಿ ಅಂತಲೇ ನಾನು ಹೇಳುವುದು. ಆದರೆ ಫೋನ್ ಕವರಿನ ಹಿಂದೆ ಚೀಟಿ ಸಿಕ್ಕಿಸಬೇಡಿ. ಬ್ಯಾಂಕಿನ ಪಿನ್ ಅಂತೂ ನೋಟ್‌ಬುಕ್ಕಿಗೂ ಬೇಡ.

ಡಬ್ಬ ಒಡೆಯುವ ಮುಂಚೆ ಸಿಮ್ ನೋಡಿ. ಬಟನ್ ಫೋನಿನ ಸಿಮ್ ದೊಡ್ಡದಿದ್ದರೆ ಕತ್ತರಿ ಹಾಕಬೇಡಿ. ಆಧಾರ್ ತೆಗೆದುಕೊಂಡು ಸಿಮ್ ಕಂಪನಿಯ ಅಂಗಡಿಗೆ ಹೋದರೆ ಅದೇ ನಂಬರಿಗೆ ಚಿಕ್ಕ ಸಿಮ್ ಕೊಡುತ್ತಾರೆ. ಹಳೆಯದು 4ಜಿ ಸಿಮ್ ಅಲ್ಲದಿದ್ದರೆ ಅದೂ ಒಟ್ಟಿಗೇ ಸರಿಹೋಗುತ್ತದೆ. ಹೊಸ ಸಿಮ್ ಹಾಕಿದ ಮೇಲೆ 24 ಗಂಟೆ ಎಸ್‌ಎಂಎಸ್ ಹೋಗುವುದಿಲ್ಲ, ಬರುವುದೂ ಇಲ್ಲ. ನಿಮ್ಮ ನಂಬರಿನಲ್ಲಿ ಬೇರೆಯವರು ಸಿಮ್ ತೆಗೆದು ಹಣ ಹೊಡೆಯದಿರಲಿ ಅಂತ ಮಾಡಿದ ನಿಯಮ ಅದು. ಆದ್ದರಿಂದ ಓಟಿಪಿ ಬೇಕಾಗುವ ಕೆಲಸಗಳನ್ನು ಮಾರನೇ ದಿನಕ್ಕೆ ಇಟ್ಟುಕೊಳ್ಳಿ. ಇನ್ನೊಂದು ಮಾತು. ಗೂಡಿನ ಬ್ರೋಕರ್, ಸೊಪ್ಪಿನವರು, ನೆಂಟರು, ಎಲ್ಲರ ನಂಬರೂ ಹಳೇ ಸಿಮ್ಮಿನಲ್ಲೇ ಇದ್ದರೆ ಸಿಮ್ ಬದಲಿಸಿದಾಗ ಅವೂ ಹೋದ ಹಾಗೆ. ಮುಖ್ಯವಾದವನ್ನು ಮೊದಲೇ ಪುಸ್ತಕಕ್ಕೆ ಇಳಿಸಿ.

ಆನ್ ಮಾಡಿದ ತಕ್ಷಣ ಭಾಷೆ ಕೇಳುತ್ತದೆ. ಕನ್ನಡ ಒತ್ತಿ. ರಿಪೇರಿಗೆ ಕೊಟ್ಟಾಗ ಅಂಗಡಿ ಹುಡುಗರಿಗೆ ಗೊತ್ತಾಗಲ್ಲ ಅಂತ ಕೆಲವರು ಹೆದರಿಸುತ್ತಾರೆ. ಅದು ಅಂಗಡಿಯವರ ತಲೆನೋವು, ನಿಮ್ಮದಲ್ಲ. ಆಮೇಲೆ ಅಕೌಂಟ್, ಆಮೇಲೆ ಪರದೆಗೆ ಪಿನ್. ಉಳಿದಂತೆ ಬೆರಳಚ್ಚು, ಮುಖ, ‘ಓಕೆ ಗೂಗಲ್’ ಏನೇ ಕೇಳಿದರೂ ಸದ್ಯಕ್ಕೆ ‘ಸ್ಕಿಪ್’. ಆಮೇಲೆ ಹಾಕಿಕೊಳ್ಳಬಹುದು. ಮೊದಲ ದಿನ ಅಪ್‌ಡೇಟ್‌ಗಳೇ ಡೇಟಾ ನುಂಗುತ್ತವೆ. ಪ್ಲೇ ಸ್ಟೋರ್ ಸೆಟ್ಟಿಂಗ್‌ನಲ್ಲಿ ತಾನಾಗೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ. ಮಗ ಊರಿಗೆ ಬಂದಾಗ ಅವನ ಹಾಟ್‌ಸ್ಪಾಟ್‌ನಲ್ಲಿ ಮಾಡಿಸಿಕೊಳ್ಳಿ.

ಪ್ರ: ಅಕ್ಕಾ, ನನ್ನ ಫೋನ್ ತಾನೇ ಮಾತಾಡಲು ಶುರುಮಾಡಿದೆ! ಎಲ್ಲಿ ಮುಟ್ಟಿದರೂ ಅಲ್ಲಿರುವುದನ್ನು ಓದುತ್ತದೆ. ಒತ್ತಿದರೆ ತೆರೆಯಲ್ಲ, ಜರುಗಿಸಿದರೆ ಜರುಗಲ್ಲ. ಫೋನ್ ಬಂದರೆ ಎತ್ತಲೂ ಆಗುತ್ತಿಲ್ಲ. ನಮ್ಮತ್ತೆ ನಿಂಬೆಹಣ್ಣು ನಿವಾಳಿಸಿ ಅಂತಿದ್ದಾರೆ.
– ಮುಳಬಾಗಿಲು

ಉ: ನಿಂಬೆಹಣ್ಣು ಚಿತ್ರಾನ್ನಕ್ಕೆ ಇಟ್ಟುಕೊಳ್ಳಿ. ಇದರ ಹೆಸರು ಟಾಕ್‌ಬ್ಯಾಕ್. ಕಣ್ಣು ಕಾಣದವರು ಫೋನ್ ಬಳಸಲಿ ಅಂತ ಇರುವ ಸೌಲಭ್ಯ, ಅವರಿಗೆ ಇದು ದೊಡ್ಡ ಉಪಕಾರ. ಸದ್ದು ಜಾಸ್ತಿ ಮಾಡುವ, ಕಡಿಮೆ ಮಾಡುವ ಎರಡು ಬಟನ್‌ಗಳನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಎಷ್ಟೋ ಫೋನುಗಳಲ್ಲಿ ಇದು ಶುರುವಾಗುತ್ತದೆ. ಪರ್ಸಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಾಗಲೋ, ಮಕ್ಕಳು ಎರಡೂ ಕೈಯಲ್ಲಿ ಹಿಸುಕಿದಾಗಲೋ ಆಗಿರುತ್ತದೆ.

ಅದೇ ಎರಡು ಬಟನ್‌ಗಳನ್ನು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ, ನಿಲ್ಲುತ್ತದೆ. ನಿಲ್ಲದಿದ್ದರೆ ಸೆಟ್ಟಿಂಗ್‌ಗೆ ಹೋಗಬೇಕು. ಟಾಕ್‌ಬ್ಯಾಕ್ ಆನ್ ಇರುವಾಗ ಫೋನಿನ ನಡೆಯೇ ಬೇರೆ. ಒಂದು ಸಲ ಮುಟ್ಟಿದರೆ ಓದುತ್ತದೆ ಅಷ್ಟೇ. ತೆರೆಯಬೇಕಾದರೆ ಬೇಗಬೇಗ ಎರಡು ಸಲ ತಟ್ಟಬೇಕು. ಪಟ್ಟಿ ಜರುಗಿಸಲು ಎರಡು ಬೆರಳು ಇಟ್ಟು ಎಳೆಯಬೇಕು. ಹೀಗೆ ಸೆಟ್ಟಿಂಗ್ ತೆರೆದು, ‘ಆ್ಯಕ್ಸೆಸಿಬಿಲಿಟಿ’ ಅನ್ನುವಲ್ಲಿ ಟಾಕ್‌ಬ್ಯಾಕ್ ಆಫ್ ಮಾಡಿ. ವಾಲ್ಯೂಮ್ ಬಟನ್ನಿನ ಶಾರ್ಟ್‌ಕಟ್ಟನ್ನೂ ಅಲ್ಲೇ ಆಫ್ ಮಾಡಿದರೆ ಮತ್ತೆ ಬರುವುದಿಲ್ಲ. ಇದಕ್ಕೆ ಅಂತ ಯಾರಾದರೂ ಸಾಫ್ಟ್‌ವೇರ್ ಹೋಗಿದೆ ಅಂದು ದುಡ್ಡು ಕೇಳಿದರೆ ಎದ್ದು ಬನ್ನಿ.

ಪ್ರ: ಕೋಲಾರ ಎಪಿಎಂಸಿಗೆ ಟೊಮೆಟೊ ಹಾಕುತ್ತೇನೆ. ಬಿಸಿಲಿನಲ್ಲಿ ಪರದೆ ಕಾಣುವುದೇ ಇಲ್ಲ. ಎರಡನೆಯದು, ಫೋನ್‌ಪೇ ಥರದ್ದು ಹಾಕಿಸಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮೂರಿನ ಒಬ್ಬರಿಗೆ ಹಣ ಹಾಕ್ತೀವಿ ಅಂತ ಸ್ಕ್ಯಾನ್ ಮಾಡಿಸಿ ಇದ್ದದ್ದನ್ನೂ ಎಳೆದುಕೊಂಡರು. ಹಾಕಿಸಲೋ ಬೇಡವೋ?
– ಶ್ರೀನಿವಾಸಪುರ ತಾಲ್ಲೂಕು

ಉ: ಪರದೆಯದ್ದು ಸುಲಭ. ಮೇಲಿನಿಂದ ಕೆಳಕ್ಕೆ ಎರಡು ಸಲ ಎಳೆದರೆ ಸೂರ್ಯನ ಗುರುತಿನ ಒಂದು ಗೆರೆ ಬರುತ್ತದೆ, ಅದನ್ನು ಪೂರ್ತಿ ಬಲಕ್ಕೆ ತಳ್ಳಿ. ಕಪ್ಪು ಹಿನ್ನೆಲೆಯ ‘ಡಾರ್ಕ್’ ಇದ್ದರೆ ತೆಗೆಯಿರಿ, ಬಿಸಿಲಿಗೆ ಬಿಳಿಯೇ ಒಳ್ಳೆಯದು. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರವನ್ನೂ ದೊಡ್ಡದು ಮಾಡಿ.

ಹಣದ ವಿಷಯಕ್ಕೆ ಬರೋಣ. ಹಾಕಿಸಿ, ಆದರೆ ನಿಮ್ಮ ಕೈಯಾರೆ ಹಾಕಿ. ಇಲ್ಲೂ ಅದೇ ಮಾತು. ಬ್ಯಾಂಕಿನಲ್ಲಿ ಕೊಟ್ಟಿರುವ ನಂಬರಿನ ಸಿಮ್ಮೇ ಆ ಫೋನಿನಲ್ಲಿರಬೇಕು. ಆ್ಯಪ್ ನಿಮ್ಮ ಫೋನಿನಿಂದ ಒಂದು ಎಸ್‌ಎಂಎಸ್ ಕಳಿಸಿ ಅದನ್ನೇ ಪರೀಕ್ಷೆ ಮಾಡುತ್ತದೆ. ಎಸ್‌ಎಂಎಸ್ ಹೋಗುವ ಪ್ಲಾನ್ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಎಷ್ಟೋ ಜನ ಆ್ಯಪ್ ಸರಿಯಿಲ್ಲ ಅಂತ ಬೈಯುವುದು ಇದಕ್ಕೇ. ಆಮೇಲೆ ಎಟಿಎಂ ಕಾರ್ಡಿನ ಕೊನೆಯ 6 ಅಂಕಿ, ಅದರ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಕೇಳುತ್ತದೆ. ಕಾರ್ಡ್ ಇಲ್ಲದವರಿಗೆ ಆಧಾರ್ ಓಟಿಪಿಯ ದಾರಿಯೂ ಇದೆ. ಕೊನೆಗೆ 4 ಅಥವಾ 6 ಅಂಕಿಯ ಪಿನ್. ಆ ಹೊತ್ತಿನಲ್ಲಿ ಹುಡುಗರನ್ನು ಆಚೆ ಕಳಿಸಿ. ಸ್ವಂತ ಮಗಳೇ ಆದರೂ ಸರಿ.

ನಿಮ್ಮೂರಿನವರಿಗೆ ಆದ ಮೋಸ ಇಷ್ಟೇ: ಹಣ ಬರುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ. ಸ್ಕ್ಯಾನ್ ಮಾಡುವುದು ಕೊಡುವವರು, ಪಿನ್ ಒತ್ತುವುದೂ ಕೊಡುವವರೇ. ಹಣ ಹಾಕ್ತೀನಿ, ಪಿನ್ ಒತ್ತಿ ಅಂದ ತಕ್ಷಣ ಫೋನ್ ಇಟ್ಟುಬಿಡಿ. ದುಡ್ಡು ಹೋಗಿಯೇಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಹಣ ಕಳ್ಳರ ಖಾತೆಯಿಂದ ಮುಂದಕ್ಕೆ ಹೋಗುವುದರೊಳಗೆ ತಡೆಯಬೇಕು. ನಾಳೆ ನೋಡೋಣ ಅಂತ ಮಲಗಿದರೆ ಕೈಬಿಟ್ಟಂತೆಯೇ.

ನನ್ನ ಗಿರಾಕಿಗಳಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಬೆಳೆಯ ಹಣ ಬರುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ. ಇನ್ನೊಂದು ಸಣ್ಣ ಖಾತೆ ತೆರೆದು, ಖರ್ಚಿಗೆ ಬೇಕಾದಷ್ಟು ಮಾತ್ರ ಅದರಲ್ಲಿಟ್ಟು, ಅದನ್ನು ಜೋಡಿಸಿ. ಹೋದರೂ ಅಷ್ಟೇ ಹೋಗುತ್ತದೆ.

ಪ್ರ: ನಾನು ನಿವೃತ್ತ ಕನ್ನಡ ಮೇಷ್ಟ್ರು. ಫೋನಿನಲ್ಲಿ ಒತ್ತಕ್ಷರ ಮೂಡಿಸಲು ಸಾಧ್ಯವಾಗುತ್ತಿಲ್ಲ. ಬಾಯಲ್ಲಿ ಹೇಳಿದರೆ ಬರೆದುಕೊಳ್ಳುತ್ತದಂತೆ, ಆದರೆ ನನ್ನ ಹೆಂಡತಿ ಹೇಳಿದರೆ ಏನೇನೋ ಬರುತ್ತದೆ.
– ಬಾಗೇಪಲ್ಲಿ

ಉ: ಮೇಷ್ಟ್ರೇ, ಒತ್ತಕ್ಷರಕ್ಕೆ ನಡುವೆ ‘್’ ಗುರುತು ಒತ್ತಬೇಕು. ‘ಅಕ್ಕ’ ಬರೆಯಲು ಅ, ಕ, ್, ಕ. ‘ಶಾಸ್ತ್ರ’ ಬರೆಯಲು ಸ ಆದ ಮೇಲೊಂದು, ತ ಆದ ಮೇಲೊಂದು. ನೀವು ಬೋರ್ಡಿನ ಮೇಲೆ ಅಕ್ಷರ ಬಿಡಿಸಿ ಹೇಳಿಕೊಟ್ಟ ಕ್ರಮವೇ ಅಲ್ವಾ. ಅದು ಬೇಸರವಾದರೆ ಜಿಬೋರ್ಡ್ ಕೀಲಿಮಣೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೈಬರಹ ಅಂತ ಒಂದಿದೆ. ಬೆರಳಲ್ಲಿ ಪರದೆಯ ಮೇಲೆ ಬರೆದರೆ ಅಚ್ಚಕ್ಷರ ಮಾಡಿಕೊಡುತ್ತದೆ. ನಿಮ್ಮ ಅಕ್ಷರ ದುಂಡಗಿರುತ್ತದೆ, ನಿಮಗೆ ಅದೇ ಸರಿ ಅನ್ನಿಸುತ್ತದೆ.

ಇನ್ನು ಅಮ್ಮನವರದ್ದು. ನಿಮ್ಮ ಕಡೆ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಫೋನ್ ತಬ್ಬಿಬ್ಬಾಗುತ್ತದೆ. ನಮ್ಮ ಮನೆಯಲ್ಲೂ ಇದೇ ಕಥೆ. ಕೀಲಿಮಣೆಗೆ ಕನ್ನಡದ ಜೊತೆ ತೆಲುಗನ್ನೂ ಸೇರಿಸಿ. ಮಾತಾಡುವ ಮುಂಚೆ ಯಾವ ಭಾಷೆ ಅಂತ ಗೋಳದ ಗುರುತು ಒತ್ತಿ ಬದಲಿಸಿಕೊಂಡು, ಆಮೇಲೆ ಮೈಕ್ ಒತ್ತಲಿ. ಮಗಳಿಗೆ ಕಳಿಸುವ ಸುದ್ದಿಯಾದರೆ ಇದ್ಯಾವ ರಗಳೆಯೂ ಬೇಡ. ವಾಟ್ಸ್ಆ್ಯಪ್‌ನ ಮೈಕ್ ಒತ್ತಿ ಹಿಡಿದು ದನಿಯನ್ನೇ ಕಳಿಸಲಿ, ಎಷ್ಟು ಭಾಷೆ ಬೇಕಾದರೂ ಕಲಸಲಿ.

ಪ್ರ: ಫೋನ್ ತುಂಬಿದೆ ಅಂತ ಬರುತ್ತಿದೆ. ನಾನು ಒಂದು ಫೋಟೊನೂ ತೆಗೆದಿಲ್ಲ!
– ಗೌರಿಬಿದನೂರು

ಉ: ನೀವು ತೆಗೆದಿಲ್ಲ, ಗ್ರೂಪಿನವರು ಕಳಿಸಿದ್ದಾರೆ. ದಿನಾ ಬರುವ ಶುಭೋದಯದ ದೇವರು, ಹೂವು, ವಿಡಿಯೊ ಎಲ್ಲಾ ಒಳಗೇ ಇಳಿಯುತ್ತವೆ. ವಾಟ್ಸ್ಆ್ಯಪ್ ಸೆಟ್ಟಿಂಗ್‌ನ ಸ್ಟೋರೇಜ್ ವಿಭಾಗದಲ್ಲಿ ತಾನಾಗೇ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಯಾವ ಗ್ರೂಪ್ ಎಷ್ಟು ಜಾಗ ತಿಂದಿದೆ ಅಂತಲೂ ಅಲ್ಲೇ ಕಾಣುತ್ತದೆ. ದೊಡ್ಡ ವಿಡಿಯೊಗಳಿಂದ ಶುರುಮಾಡಿ ಅಳಿಸಿ. ಫೋಟೊಸ್ ಆ್ಯಪ್‌ನಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ. ಅದನ್ನೂ ಖಾಲಿ ಮಾಡಿ. ದೇವರ ಪಟ ಅಳಿಸಿದರೆ ಪಾಪ ಬರುತ್ತದಾ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಬರುವುದಿಲ್ಲ.

ಪ್ರ: ಗೊತ್ತಿಲ್ಲದ ನಂಬರಿನಿಂದ ಮದುವೆ ಕರೆಯೋಲೆ ಬಂತು. ಒತ್ತಿದರೆ ಏನೋ ಇನ್‌ಸ್ಟಾಲ್ ಮಾಡು ಅಂತು. ಬಿಟ್ಟೆ. ಸರಿ ಮಾಡಿದೆನಾ?
– ಬಂಗಾರಪೇಟೆ

ಉ: ಸರಿಯಾಗೇ ಮಾಡಿದಿರಿ. ಕರೆಯೋಲೆ ಫೋಟೊ ಆಗಿರುತ್ತದೆ, ಇಲ್ಲವೇ ಪಿಡಿಎಫ್. ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಅಂತ ಇಂಗ್ಲಿಷಿನ ಮೂರು ಅಕ್ಷರ ಇದ್ದರೆ ಅದು ಆ್ಯಪ್. ಒಳಗೆ ಬಂದರೆ ಮೊದಲು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಓಟಿಪಿಗಳು ಕಳ್ಳರಿಗೂ ಕಾಣುತ್ತವೆ. ಗಾಡಿಯ ದಂಡ, ಪಿಎಂ ಕಿಸಾನ್ ಕಂತು ಅಂತಲೂ ಇಂಥವು ಬರುತ್ತವೆ. ಯಾರಾದರೂ ಹಾಕಿಕೊಂಡುಬಿಟ್ಟಿದ್ದರೆ ಮೊದಲು ವಿಮಾನದ ಗುರುತು ಒತ್ತಿ ನೆಟ್ ನಿಲ್ಲಿಸಿ. ಬೇರೆಯವರ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಹೇಳಿ. ಆಮೇಲೆ ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ.

ಪ್ರ: ಬಸ್ಸಿನಲ್ಲಿ ಫೋನ್ ಹೋಯಿತು. ಹೋಗಿದ್ದು ಹೋಯಿತು ಅಂತ ಸುಮ್ನೆ ಇರಬೇಕಾ?
– ಮಾಲೂರು

ಉ: ಸುಮ್ಮನಿರಬೇಡಿ. ಮೊದಲು ಪೊಲೀಸ್ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ಆಮೇಲೆ ಅದೇ ನಂಬರಿಗೆ ಹೊಸ ಸಿಮ್ ತೆಗೆಯಿರಿ, ಹಳೆಯದು ತಾನಾಗೇ ಸಾಯುತ್ತದೆ. ಮಾರನೇ ದಿನ ಎಸ್‌ಎಂಎಸ್ ಬರಲು ಶುರುವಾದ ಮೇಲೆ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಕಳೆದ ಫೋನನ್ನು ಬ್ಲಾಕ್ ಮಾಡುವ ಅರ್ಜಿ ತುಂಬಿ. ದೂರಿನ ಪ್ರತಿ ಮತ್ತು 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ, ಬೇಕು. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ ಇರುತ್ತದೆ, ಎರಡನ್ನೂ ಕೊಡಿ. ಡಬ್ಬದ ಮೇಲೆ ಬರೆದಿರುತ್ತದೆ. ಹಾಗಾಗಿ ಡಬ್ಬವನ್ನು ಗುಜರಿಗೆ ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಫೋನ್ ಕೈಯಲ್ಲಿದ್ದವರು *#06# ಒತ್ತಿದರೂ ಕಾಣುತ್ತದೆ, ಇವತ್ತೇ ಬರೆದಿಟ್ಟುಕೊಳ್ಳಲಿ.

ಫೋನಿನಲ್ಲಿದ್ದ ಜಿಮೇಲ್ ನಿಮ್ಮದೇ ಆಗಿದ್ದು, ಪಾಸ್‌ವರ್ಡ್ ನೆನಪಿದ್ದರೆ, ಮನೆಯ ಇನ್ನೊಂದು ಫೋನಿನಿಂದ ಅದು ಎಲ್ಲಿದೆ ಅಂತ ಹುಡುಕಬಹುದು. ದೂರದಿಂದಲೇ ಬೀಗ ಹಾಕಲೂಬಹುದು. ಆದರೆ ಕಳೆದ ಫೋನ್ ಆನ್ ಇದ್ದು, ನೆಟ್ ಸಿಗುತ್ತಿರಬೇಕು. ಆದ್ದರಿಂದ ಇದನ್ನು ಬ್ಲಾಕ್ ಮಾಡಿಸುವ ಮುಂಚೆಯೇ ಮಾಡಿ. ಪೊಲೀಸರ ಕಡೆಯಿಂದ ಫೋನ್ ವಾಪಸ್ ಸಿಕ್ಕಿದರೆ ಅದೇ ತಾಣದಲ್ಲಿ ಅನ್‌ಬ್ಲಾಕ್ ಮಾಡಿಸಿ, ಇಲ್ಲದಿದ್ದರೆ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಬರುವುದಿಲ್ಲ.